ಬೇಕರಿ ಭಟ್ಟಿಯಲ್ಲಿ ಸಿಗಡಿ ತುಂಬಿದ ಡಬ್ಬು ಮೆಣಸಿನಕಾಯಿ

ನೀವು ಎಂದಾದರೂ ಬೇಕರಿಗೆ ಹೋಗಿ, ಬನ್ನು ಟೋಸ್ಟು ಏನನ್ನೂ ಕೊಳ್ಳದೆ, "ನಿಮ್ಮ ಭಟ್ಟಿ ಒಂದರ್ಧ ತಾಸು ಕೊಡ್ತೀರೇನ್ರಿ?" ಎಂದು ಕೇಳಿದ್ದೀರಾ?

ನಾನು ಹೋದ ಭಾನುವಾರ ಕೇಳಿದೆ. ಕೈಯಲ್ಲಿ ದೊಡ್ಡ ಸ್ಟೀಲ್ ತಟ್ಟೆ. ತಟ್ಟೆಯ ತುಂಬ ಹೊಟ್ಟೆ ಸೀಳಿದ ಡಬ್ಬು ಮೆಣಸಿನಕಾಯಿ (ಬೆಂಗಳೂರಿನವರು ಕ್ಯಾಪ್ಸಿಕಂ ಎನ್ನುತ್ತಾರಲ್ಲ, ಅದೇ). ಅವುಗಳ ಹೊಟ್ಟೆಯೊಳಗೆ ಸಿಗಡಿ.

ಶಹಾಪುರದ ನಮ್ಮ ಬೇಕರಿಯ ಮಹಬೂಬ್ ಭಾಯಿ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹಬ್ಬ, ಮದುವೆ ಬಂದರೆ ಜನ ಮೈದಾ, ಸಕ್ಕರೆ, ತುಪ್ಪ ತಂದುಕೊಟ್ಟು ಬಿಸ್ಕೀಟು ಮಾಡಿಸಿಕೊಂಡು ಹೋಗುವುದು ಅವರಿಗೆ ಹೊಸದೇನಲ್ಲ. ಆದರೆ ಸಿಗಡಿ?

"ಟೀಚರ್, ನಾಳಿ ನನ್ನ ಬನ್ನು ಮೀನದ ವಾಸ್ನಿ ಹೊಡದ್ರ ಗಿರಾಕಿ ನಿಮಗೇನ್ ಅನ್ನಂಗಿಲ್ರಿ, ನನಗ ಬೈತಾರ!"

"ನಮ್ಮ ನಾದಿನಿಗಿ ನೋಡಾಕ ಬೀಗರು ಬರಾಕತ್ತಾರ್ರಿ ಭಾಯಿ. ಮಧ್ಯಾಹ್ನದಾಗ ಬಂದೇ ಬಿಡ್ತಾರ."

ಬೀಗರು ಎಂಬ ಒಂದು ಶಬ್ದಕ್ಕೆ ಏನು ತಾಕತ್ತು ನೋಡಿ! "ಮೊದ್ಲ ಹೇಳಬಾರ್ದೇನ್ರಿ ಇದನ್ನ?" ಎನ್ನುತ್ತಾ ಮಹಬೂಬ್ ಭಾಯಿ ತಟ್ಟೆ ಇಸಿದುಕೊಂಡರು. ಟೋಸ್ಟಿನ ಕೊನೆಯ ಟ್ರೇ ಹೊರಬಂದ ಮೇಲೂ ಭಟ್ಟಿ ಕಾದೇ ಇರುತ್ತದೆ, ಆಗ ಇಟ್ಟರಾಯಿತು ಎಂದರು.

ವಿಷಯ ಹೇಳಿಬಿಡುತ್ತೇನೆ. ನನ್ನ ನಾದಿನಿ ಸುಜಾತಾ ಸುರಪುರದಲ್ಲಿ ನರ್ಸ್. ಮೊದಲ ಮದುವೆ ಮುರಿದು ತವರಿಗೆ ಬಂದವಳು. ಮತ್ತೆ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಅಂಥವಳು ತಾನೇ ಒಬ್ಬನನ್ನು ಮೆಚ್ಚಿದಳು! ಹೆಸರು ಗಿರೀಶ್. ನಾರಾಯಣಪುರದ ಕಾಲುವೆ ಆಫೀಸಿನಲ್ಲಿ ಇಂಜಿನಿಯರ್, ಕ್ವಾರ್ಟರ್ಸಿನಲ್ಲಿ ಒಂಟಿ ವಾಸ, ಊರು ಅಂಕೋಲಾ. ಅವನ ತಾಯಿ ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಆಕೆ ಒಪ್ಪಿದರೆ ಮದುವೆ. ಒಪ್ಪದಿದ್ದರೆ? ಅದನ್ನು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನಮ್ಮ ಅತ್ತೆಯವರದು ಬೇರೆಯೇ ಚಿಂತೆ. "ಸಮುದ್ರದ ದಂಡಿ ಮಂದಿ ಅವ್ರು. ಉಪ್ಪಿಟ್ಟು, ಶಿರಾ ಇಟ್ರ ಮಾರಿ ತಿರುವ್ತಾರ."

"ಸ್ಟಾರ್ಟರ್ ಮಾಡೂಣು ಅತ್ತಿ. ಸಿಗಡಿದು."

"ಸ್ಟಾರ್ಟರ್ ಅಂದ್ರ?"

"ಊಟದ ಮುಂಚೆ ಕೊಡೂದು."

"ಊಟಕ್ಕ ಅಂತ ಕರದು, ಊಟದ ಮುಂಚೆನೇ ಹೊಟ್ಟಿ ತುಂಬ್ಸೋದು ಯಾವ ನ್ಯಾಯನ ಯವ್ವಾ?"

ನ್ಯಾಯ ಗೊತ್ತಿಲ್ಲ, ಆದರೆ ಅವಶ್ಯಕತೆ ಗೊತ್ತಿತ್ತು. ಹೆಣ್ಣು ನೋಡಲು ಬಂದವರು ಕುಳಿತ ಮೊದಲ ಐದು ನಿಮಿಷ ನೆನಪಿಸಿಕೊಳ್ಳಿ. ಯಾರಿಗೂ ಮಾತು ಬರುವುದಿಲ್ಲ. ಎಲ್ಲರೂ ಫ್ಯಾನ್ ನೋಡುತ್ತಾರೆ. ಆ ಐದು ನಿಮಿಷಕ್ಕೆ ಬಾಯಿಗೊಂದು ಕೆಲಸ ಬೇಕೋ ಬೇಡವೋ?

ಮೊಬೈಲಿನಲ್ಲಿ ನೋಡಿಕೊಂಡು ಶನಿವಾರ ಕುಕ್ಕರಿನಲ್ಲಿ ಪ್ರಯೋಗ ಮಾಡಿದೆ. ಮೆಣಸಿನಕಾಯಿ ಒದ್ದೆ ಗೋಣಿಚೀಲದಂತೆ ಕುಸಿದು ಕುಳಿತಿತು. ಬೆಂಕಿ ಸುತ್ತಲಿಂದ ತಾಗದೆ ಇದು ಆಗದು ಎಂದು ಗೊತ್ತಾದದ್ದೇ ಆಗ. ನಮ್ಮ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು?

ಸಿಗಡಿಯದೇನೂ ಚಿಂತೆ ಇರಲಿಲ್ಲ. ಕಾಲುವೆಗೆ ನೀರು ಬಂದ ಮೇಲೆ ಈ ಜೋಳ-ತೊಗರಿಯ ನೆಲದಲ್ಲಿ ಭತ್ತ ಬಂತು, ಸೊಳ್ಳೆ ಬಂದವು, ಡ್ಯಾಮಿನ ಕಡೆಯಿಂದ ಮೀನು ಮಾರುವವರ ಬೈಕೂ ಬಂತು. ಭಾನುವಾರ ಬೆಳಗ್ಗೆಯೇ ಹೊಳೆಯ ಸಿಗಡಿ ತಂದು, ಸುಲಿದು, ಬೆನ್ನಿನ ಕರಿ ನರ ತೆಗೆದು, ಅರಿಶಿನ-ಉಪ್ಪು ಹಚ್ಚಿಟ್ಟೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೆಂಪು ಖಾರ ಹುರಿದು, ಸಿಗಡಿ ಕೊಚ್ಚಿ ಹಾಕಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ತಡೆಯಲಾಗಲಿಲ್ಲ ಅವರಿಗೆ.

"ಇದು ನಮ್ಮ ಬದನಿಕಾಯಿ ತುಂಬಗಾಯಿ ಇದ್ದಂಗನೇ ಅಲ್ಲೇನು? ಶೇಂಗಾದ ಪುಡಿ ಇಲ್ದ ತುಂಬಗಾಯಿ ಎಲ್ಲಿದು?" ಎಂದವರೇ ಎರಡು ಮುಷ್ಟಿ ಶೇಂಗಾ ಪುಡಿ ಸುರಿದರು. ನಾನು ಟೋಸ್ಟ್ ಪುಡಿ ಮಾಡಿ ಹಾಕಿದೆ. ನಿಂಬೆ ಹಿಂಡಿದೆವು. ತುಂಬಿದೆವು. ಮೇಲೆ ಎಣ್ಣೆ ಸವರಿದೆವು.

ಭಟ್ಟಿಯಿಂದ ತಟ್ಟೆ ಹೊರಗೆ ಬಂದಾಗ ನೋಡಬೇಕಿತ್ತು ನೀವು! ಸಿಪ್ಪೆಯ ಮೇಲೆ ಕರಿ ಬೊಬ್ಬೆ, ತುದಿಯಲ್ಲಿ ಕೆಂಪಗೆ ಗರಿಗರಿ ಟೋಸ್ಟು, ಒಳಗಿನಿಂದ ಚಟಚಟ ಸದ್ದು. ಮಹಬೂಬ್ ಭಾಯಿ ಒಂದನ್ನು ಎತ್ತಿ, ಊದಿ, ಕಚ್ಚಿದರು. ಕಣ್ಣು ಮುಚ್ಚಿದರು.

"ಹೋಗ್ರಿ ಟೀಚರ್. ಬೀಗತನ ಪಕ್ಕಾ!"

ಮನೆಗೆ ಓಡಿದೆ. ಗೇಟಿನ ಹತ್ತಿರ ಕಾರು ಆಗಲೇ ನಿಂತಿತ್ತು.

ಅಡುಗೆಮನೆಯಲ್ಲಿ ಅತ್ತೆ ನನ್ನ ಕಿವಿಗೆ ಬಾಯಿಟ್ಟು, "ಸುಜಾತಾನೇ ಮಾಡ್ಯಾಳ ಅಂತ ಹೇಳೂಣು. ನೀ ಸುಮ್ನಿರು" ಎಂದರು. ಆಗಲಿ ಎಂದೆ. ಮದುವೆ ಮನೆಯಲ್ಲಿ ಇಷ್ಟು ಸುಳ್ಳು ಯಾರು ಹೇಳುವುದಿಲ್ಲ?

ಹೊರಗೆ ಪಡಸಾಲೆಯಲ್ಲಿ ಗಿರೀಶನ ಪಕ್ಕ ಅವನ ತಾಯಿ ಸೆಟೆದು ಕುಳಿತಿದ್ದರು. ಅವರ ಕಣ್ಣು ಗೋಡೆಯ ಮೇಲಿನ ಬುದ್ಧನ ಫೋಟೋದ ಮೇಲಿತ್ತು. ನಮ್ಮೆಲ್ಲರ ಕಣ್ಣು ಅವರ ಮೇಲಿತ್ತು. ಸುಜಾತಾ ಬಾಗಿಲ ಪಕ್ಕ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು.

ನಾನು ಪ್ಲೇಟು ಮುಂದಿಟ್ಟೆ.

ಗಿರೀಶನ ತಾಯಿ ಒಂದು ತುಂಡು ಮುರಿದರು. ಬಾಯಿಗಿಟ್ಟರು. ಮತ್ತೊಂದು ತುಂಡು. ಆಮೇಲೆ ಇಡೀ ಮೆಣಸಿನಕಾಯಿ ಮಾಯ!

"ಅಯ್ಯೋ, ಸಿಗಡಿ! ಇಲ್ಲಿ ಸಮುದ್ರ ಎಲ್ಲಿ ಬಂತು?"

"ಸಮುದ್ರ ಅಲ್ರಿ, ನಮ್ಮ ಕೃಷ್ಣಾ ಹೊಳಿದು" ಎಂದರು ಅತ್ತೆ, ಹೊಳೆಯನ್ನು ತಾವೇ ತೋಡಿದಷ್ಟು ಹೆಮ್ಮೆಯಿಂದ.

ಆಕೆ ಜೋರಾಗಿ ನಕ್ಕರು. ಕಾಲ ಹತ್ತಿರವಿದ್ದ ಚೀಲದಿಂದ ಒಂದು ಡಬ್ಬಿ ತೆಗೆದರು. ಒಳಗೆ ಒಣ ಸಿಗಡಿ! "ಬಯಲು ಸೀಮೆ, ಏನು ಸಿಗ್ತದೋ ಇಲ್ಲವೋ ಅಂತ ಹೆದರಿ ಊರಿಂದ ಕಟ್ಕೊಂಡು ಬಂದಿದ್ದೆ" ಎಂದು ಅದನ್ನು ಅತ್ತೆಯ ಕೈಗಿಟ್ಟರು. ಎಲ್ಲರ ಬಿಗಿ ಸಡಿಲವಾಯಿತು. ಆಗಲೇ ಬಂತು ಪ್ರಶ್ನೆ.

"ಯಾರು ಮಾಡಿದ್ದು ಇದು?"

"ನಮ್ಮ ಸುಜಾತಾ ರಿ!" ಅತ್ತೆ ಕಾದೇ ಕುಳಿತಿದ್ದರು.

"ಇಲ್ರಿ" ಎಂದಳು ಸುಜಾತಾ.

ಅತ್ತೆಯ ಮುಖದ ಬಣ್ಣ ಇಳಿಯಿತು.

"ವೈನಿ ಮಾಡ್ಯಾರ್ರಿ" ಎಂದು ನನ್ನ ಕಡೆ ಕೈ ತೋರಿಸಿದಳು. "ನನಗ ಚಾ ಬಿಟ್ರ ಏನೂ ಮಾಡಾಕ ಬರಂಗಿಲ್ಲ. ಒಮ್ಮಿ ಸುಳ್ಳಿನ ಮ್ಯಾಲ ಮದಿವಿ ಆಗಿ ನೋಡೀನ್ರಿ. ಇನ್ನೊಮ್ಮಿ ಬ್ಯಾಡ."

ಮುಗಿಯಿತು ಎಂದುಕೊಂಡೆ.

ಗಿರೀಶನ ತಾಯಿ ಪ್ಲೇಟು ಪಕ್ಕಕ್ಕೆ ಸರಿಸಿ ಸುಜಾತಾಳನ್ನು ಹತ್ತಿರ ಕರೆದರು. ಆಮೇಲೆ ಕೈಚಾಚಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನ ಮಗನಿಗೆ ಅಡುಗೆ ಬರ್ತದೆ ತಂಗಿ, ನಾನೇ ಕಲಿಸಿದ್ದೇನೆ. ಇಬ್ಬರೂ ಒಲೆ ಮುಂದೆಯೇ ನಿಂತರೆ ಆಸ್ಪತ್ರೆ ನೋಡೋರು ಯಾರು?" ಎಂದವರು ಮಗನ ಕಡೆ ತಿರುಗಿದರು. "ಏಳೋ. ಅವರ ಹತ್ರ ಹೋಗಿ ಇದನ್ನು ಹೇಗೆ ಮಾಡೋದು ಅಂತ ಕೇಳ್ಕೋ."

ಸುಜಾತಾ ಅಳುತ್ತಲೇ ನಕ್ಕಳು. ಅತ್ತೆ ನಗುತ್ತಲೇ ಅತ್ತರು. ಗಿರೀಶ ಅಂಗಿಯ ತೋಳು ಮಡಚಿ ನನ್ನ ಹಿಂದೆಯೇ ಸೀದಾ ಅಡುಗೆಮನೆಗೆ ಬಂದ. ಫ್ರಿಜ್ಜಿನಲ್ಲಿ ಉಳಿದಿದ್ದ ಸಿಗಡಿ ಕೊಟ್ಟೆ. ಮಾತಾಡುತ್ತಲೇ ಒಂದೊಂದನ್ನೂ ಎಷ್ಟು ಚೊಕ್ಕವಾಗಿ ಸುಲಿದಿಟ್ಟನೆಂದರೆ, ನನಗೇ ಸಣ್ಣ ಹೊಟ್ಟೆಕಿಚ್ಚು.

ಇನ್ನು ಮೇಲೆ ಗಂಡು ನೋಡಲು ಹೋದಾಗ "ಸಂಬಳ ಎಷ್ಟು?" ಎನ್ನುವ ಮೊದಲು "ಸಿಗಡಿ ಸುಲಿಯಲು ಬರುತ್ತದಾ?" ಎಂದು ಕೇಳಿದರೆ ಹೇಗೆ?