ಕೂಸಿನ ಮೊಡವೆ, ಬಾಣಂತಿಯ ಪಥ್ಯ

ಯಮುನಾಬಾಯಿಯವರ ಸಿಟ್ಟಿನ ಮಟ್ಟ ಬೈಲಹೊಂಗಲದ ನಮ್ಮ ಓಣಿಗೆ ಪಾತ್ರೆಗಳ ಸದ್ದಿನಿಂದಲೇ ತಿಳಿಯುತ್ತಿತ್ತು. ೧೯೭೬ರ ಮಾಗಿಯಲ್ಲಿ ಮಗಳು ಮಥುರಾಬಾಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಆ ಸದ್ದು ನಿತ್ಯದ್ದಾಯಿತು. ಹಿರಿಯರ ಪೌರೋಹಿತ್ಯ ಬಿಟ್ಟು ಪೇಟೆಯ ಕಚೇರಿಯಲ್ಲಿ ಗುಮಾಸ್ತಿಕೆ ಹಿಡಿದಿದ್ದ ಗಂಡ ಬಾಳಕೃಷ್ಣರಾಯರು, ಸದ್ದು ಏರಿದೊಡನೆ ಚಪ್ಪಲಿ ಮೆಟ್ಟಿ ಹೊರಬೀಳುತ್ತಿದ್ದರು.

ಮೂಲ ಕಾರಣ ಸಾಸಿವೆಯಷ್ಟು. ಹುಟ್ಟಿದ ಮೂರನೆಯ ವಾರದ ಹೊತ್ತಿಗೆ ಮೊಮ್ಮಗನ ಕೆನ್ನೆ, ಹಣೆಗಳ ಮೇಲೆ ಕೆಂಪು ಮೊಡವೆಗಳು ಎದ್ದಿದ್ದವು. ದವಾಖಾನೆಯ ಡಾಕ್ಟರಬಾಯಿ ನೋಡಿ ನಕ್ಕರು.

"ತಾವಾಗೇ ಬಂದಾವ, ತಾವಾಗೇ ಹೋಗತಾವ. ಬೆಚ್ಚನ ನೀರಿಲೆ ಮಾರಿ ತೊಳೀರಿ, ಮೆತ್ತಗ ಒರಸ್ರಿ. ಎಣ್ಣಿ, ಪೌಡರ್ ಹಚ್ಚಬ್ಯಾಡ್ರಿ, ಚಿವುಟಬ್ಯಾಡ್ರಿ. ಜ್ವರ ಬಂದ್ರ, ನೀರಗುಳ್ಳಿ ಎದ್ರ, ಮಲಿ ಹಿಡೀಲಿಲ್ಲಂದ್ರ ಮಾತ್ರ ಕರಕೊಂಡು ಬರ್ರಿ."

ಬಸಿರಿನಲ್ಲಿ ತಾಯಿಯಿಂದ ದಾಟಿ ಬಂದ ಹಾರ್ಮೋನುಗಳು ಕೂಸಿನ ಚರ್ಮದ ಎಣ್ಣೆಗ್ರಂಥಿಗಳನ್ನು ಕೆರಳಿಸುತ್ತವೆ ಎಂಬುದು ವೈದ್ಯರ ವಿವರಣೆ. ಅದು ಪೂರ್ತಿ ಸಾಬೀತಾದದ್ದೆಂದು ನಾನು ಹೇಳಲಾರೆ. ಆದರೆ ತಾಯಿ ಈಗ ಉಣ್ಣುವ ಅನ್ನವೇ ಕೂಸಿನ ಮುಖದ ಮೇಲೆ ಏಳುತ್ತದೆ ಎಂಬುದಕ್ಕಂತೂ ಪುರಾವೆಯನ್ನು ನಾನು ಎಲ್ಲಿಯೂ ಓದಿಲ್ಲ.

ಕೂಸನ್ನು ನೋಡಲು ಕಿತ್ತೂರಿನಿಂದ ಬಂದ ಬೀಗತಿ ಗಂಗೂಬಾಯಿಯವರಿಗೆ ಪುರಾವೆ ಬೇಕಿರಲಿಲ್ಲ. "ಗುಳಿಗಿ ಕೊಡಲಾರದಾಕಿ ಎಂಥಾ ಡಾಕ್ಟರ್ರೀ? ಇದು ಉಷ್ಣ. ಬಾಣಂತಿ ತಿಂದದ್ದೆಲ್ಲಾ ಕೂಸಿನ ಮಾರಿಗೆ ಬಂದದ," ಎಂದು ತೀರ್ಪು ಕೊಟ್ಟು, ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಮುಂದಿನ ಸಲ ಬಸ್ಸಿಳಿದು ಬಂದವರು ಒಣಕೊಬ್ಬರಿಯ ಚಟ್ನಿ ನಿಲ್ಲಿಸಿದರು. ಅದರ ಮುಂದಿನ ಸಲ ತುಪ್ಪ.

ಊಟ ಕಡಿಮೆಯಾದಂತೆ ಮಥುರಾಬಾಯಿಯ ಹಾಲು ಇಳಿಯಿತು. ಹಸಿದ ಕೂಸು ಅತ್ತಿತು. ಅತ್ತಾಗ ಮುಖಕ್ಕೆ ರಕ್ತವೇರಿ ಮೊಡವೆಗಳು ಇನ್ನಷ್ಟು ಕೆಂಪಾಗಿ ಕಂಡವು. ಅದನ್ನು ಕಂಡ ಗಂಗೂಬಾಯಿ ಇನ್ನೊಂದು ಪದಾರ್ಥವನ್ನು ತಟ್ಟೆಯಿಂದ ತೆಗೆಸಿದರು. ಮಗಳು ಬಾಳಬೇಕಾದ ಮನೆಯ ಹಿರಿಯಳ ಮಾತು. ಯಮುನಾಬಾಯಿ ಎದುರಾಡದೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಮತ್ತೊಂದು ಸಲ ಎರಡು ದಿನ ಉಳಿಯಲೆಂದು ಬಂದ ಗಂಗೂಬಾಯಿ ತೊವ್ವೆಯನ್ನೂ ಬಿಡಿಸಿದರು. ಮಥುರಾಬಾಯಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, ಅಲ್ಲಿಯೂ ಹಾಲಿಲ್ಲದೆ ಅದು ಕಿರುಚುವಾಗ ಗೋಡೆಯತ್ತ ಮುಖ ತಿರುಗಿಸಿದಳು. ಅಡುಗೆಮನೆಯಲ್ಲಿ ಸದ್ದು ಪೂರ್ತಿ ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲವೆಂದು ಅರಿತ ಬಾಳಕೃಷ್ಣರಾಯರು ಆ ಹೊತ್ತು ಕಚೇರಿಗೆ ಬೇಗನೆ ನಡೆದರು.

ಮಧ್ಯಾಹ್ನ ಗಂಗೂಬಾಯಿಯವರ ತಟ್ಟೆಗೆ ಬಿದ್ದದ್ದು ಮೆತ್ತನೆಯ ಅನ್ನ, ಮೇಲೆ ತಿಳಿಸಾರು.

"ಇದೇನ್ರಿ ಯಮುನಾಬಾಯಾರ?"

"ಪಥ್ಯ ರೀ. ಕೂಸಿನ ಗಲ್ಲಕ್ಕ ಗಲ್ಲಾ ಹಚ್ಚಿ ಮುದ್ದಾಡೋರು ನೀವು. ನಿಮ್ಮ ಉಷ್ಣಾ ಅದಕ್ಕ ತಾಗಬಾರದಲ್ಲಾ."

"ನಾ ಏನ್ ಬಾಣಂತೇನ್ರಿ?"

"ಇನ್ನೂ ಚಲೋ ಆತು. ನಿಮಗ ಹಾಲು ಕುಡಿಸೋ ತ್ರಾಸಿಲ್ಲ. ಹಸಿವಿ ತಡಕೊಳ್ಳೋದು ಹಗರ."

ಗಂಗೂಬಾಯಿ ಹಟದಿಂದ ಉಂಡರು. ಸಂಜೆಗೂ ಅದೇ ಬಂತು. ಹಟ ಸ್ವಲ್ಪ ಸಡಿಲಾಗಿತ್ತು. ಮರುದಿನ ಮುಂಜಾನೆ ಅಡುಗೆಮನೆಯಲ್ಲಿ ರಾಯರಿಗಾಗಿ ತೊವ್ವೆಗೆ ಒಗ್ಗರಣೆ ಬಿದ್ದಾಗ ಗಂಗೂಬಾಯಿ ಎರಡು ಸಲ ಒಳಗೆ ಇಣುಕಿ ನೋಡಿದರು. ಮಧ್ಯಾಹ್ನ ಅನ್ನವನ್ನು ಕಲಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು:

"ಬಾಣಂತಿ ಭಾಳ ಸೊರಗ್ಯಾಳ್ರಿ. ಆಕಿಗೆ ಒಂದೀಟು ತೊವ್ವಿ, ತುಪ್ಪ ಹಾಕ್ರಿ." ತಮ್ಮ ತಟ್ಟೆಯನ್ನೂ ಮುಂದೆ ಸರಿಸಿದರು. "ಆಕಿ ಒಬ್ಬಾಕಿಗೇ ನೀಡಿದ್ರ ಚಲೋ ಕಾಣೂದಿಲ್ಲ."

ಯಮುನಾಬಾಯಿ ಇಬ್ಬರಿಗೂ ನೀಡಿದರು. ಅಂಟಿನುಂಡಿಯ ಡಬ್ಬಿಯೂ ಅಟ್ಟದಿಂದ ಇಳಿಯಿತು. ಕೆಲವು ದಿನಗಳಲ್ಲಿ ಹಾಲು ಏರಿತು, ಕೂಸಿನ ಅಳು ತಗ್ಗಿತು. ಮೊಡವೆಗಳು ಮಾತ್ರ ಯಾರ ಊಟಕ್ಕೂ ಕಾಯದೆ, ತಮ್ಮದೇ ನಿಧಾನದಲ್ಲಿ, ಮುಂದಿನ ತಿಂಗಳು ಕಲೆಯಿಲ್ಲದೆ ಮಾಸಿದವು.

ಕಿತ್ತೂರಿನಿಂದ ಮತ್ತೆ ಬಂದ ಗಂಗೂಬಾಯಿ ಕೂಸಿನ ನುಣ್ಣನೆಯ ಕೆನ್ನೆ ಸವರಿದರು. "ನೋಡಿದ್ರ್ಯಾ? ನಾ ಹಿಡಿಸಿದ ಪಥ್ಯ ಹೆಂಗ ನಾಟಿತು!"

ಯಮುನಾಬಾಯಿ ಉತ್ತರಕ್ಕೆಂದು ಬಾಯಿ ತೆರೆದರು. ಮಗಳು ಎರಡನೆಯ ಭಕ್ಕರಿಯನ್ನು ಮುರಿಯುತ್ತಿದ್ದಳು. ಅವರು ಬಾಯಿ ಮುಚ್ಚಿ, ಆ ಭಕ್ಕರಿಯ ಮೇಲೆ ತುಪ್ಪ ಹಾಕಿ, ತುಪ್ಪದ ತಂಬಿಗೆಯನ್ನು ಓಣಿಗೆಲ್ಲ ಕೇಳುವಂತೆ ಕೆಳಗೆ ಕುಕ್ಕಿದರು.