ಒಂದು ಇಲಿಯಷ್ಟು ಜಾಗ

ನಂಜಪ್ಪನವರ ಕಣ್ಣಿನ ರೆಪ್ಪೆ ನಿಜವಾಗಿ ಯಾವ ಬಣ್ಣದ್ದೆಂದು ರಾಜಾಜಿನಗರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಟ್ಟಿನ ಗಿರಣಿ ನಡೆಸುವವರ ಮೈಯೆಲ್ಲ ಹಿಟ್ಟಾಗುವುದು ಹೊಸತೇನಲ್ಲ. ಇವರಿಗೆ ರೆಪ್ಪೆಯ ಮೇಲೆ ಕೂತ ಹಿಟ್ಟು ಗಿರಣಿಗೆ ರಜವಿದ್ದ ಭಾನುವಾರವೂ ಇಳಿಯುತ್ತಿರಲಿಲ್ಲ. ಅಂಥ ಮನುಷ್ಯ ಸಂಜೆ ಮೋಟರು ನಿಲ್ಲಿಸಿದ ಕೂಡಲೇ ಮುಖದ ಗೊಡವೆಗೆ ಹೋಗದೆ ಕೈ ತೊಳೆಯಲು ಕೂರುತ್ತಿದ್ದರು. ಮೊಳಕೈವರೆಗೆ ಸೀಗೆಪುಡಿ ಹಾಕಿ ತಿಕ್ಕಿ, ಉಗುರಿನ ಸಂದಿಯನ್ನೆಲ್ಲ ಕಡ್ಡಿಯಲ್ಲಿ ಕೆರೆದು, ಕೈಯನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಬಾಗಿಲ ಪಕ್ಕದ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೆಕ್ಕಿಗೆ ಅನ್ನ ಕಲಸುತ್ತಿದ್ದರು.

ಬೆಕ್ಕಿನ ಹೆಸರು ಲಚ್ಚಿ. ಗಿರಣಿಯ ಇಲಿಗಳನ್ನು ಹಿಡಿಯುವುದು ಅವಳ ಉದ್ಯೋಗ. ನಂಜಪ್ಪನವರು ಮೀನು ಅನ್ನ ಎರಡನ್ನೂ ಬೆಣ್ಣೆಯಂತೆ ಮಿದ್ದು, ಹಿತ್ತಾಳೆಯ ಚಟಾಕಿಗೆ ತುಂಬಿ, ಧಾನ್ಯ ಅಳೆಯುವವರ ಹಾಗೆ ತೋರುಬೆರಳಿನಿಂದ ಅದರ ತಲೆ ಸವರಿ ಮಟ್ಟ ಮಾಡುತ್ತಿದ್ದರು. ಚಟಾಕು ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಒಂದು ಪಾವಿನ ಕಾಲುಭಾಗ, ಒಂದು ಸಣ್ಣ ನಿಂಬೆಹಣ್ಣಿಗಿಂತ ಸ್ವಲ್ಪ ಹೆಚ್ಚು ಹಿಡಿಸುವ ಪಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಬೆರಳಿಗೆ ಅಂಟಿದ್ದನ್ನು ಕೂಡ ಲಚ್ಚಿಗೆ ನೆಕ್ಕಲು ಬಿಡುತ್ತಿರಲಿಲ್ಲ.

ಮೀನು ಆರಿಸುವುದರಲ್ಲಂತೂ ಮದುವೆಗೆ ಹೆಣ್ಣು ನೋಡಲು ಹೋದವರೂ ಅಷ್ಟು ತಕರಾರು ತೆಗೆಯಲಿಕ್ಕಿಲ್ಲ. ಕೆರೆ ಮೀನಿನ ಬುಟ್ಟಿ ಹೊತ್ತು ಹೊಸಹಳ್ಳಿ ಕಡೆಯಿಂದ ಒಬ್ಬಾಕೆ ಬರುತ್ತಿದ್ದಳು. ಇವರು ಬುಟ್ಟಿ ಇಳಿಸಲು ಹೇಳಿ, ಒಂದೊಂದು ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ನೋಡುವರು, ಕಣ್ಣು ಮಂಕಾಗಿದೆಯೇ ಎಂದು ಬೆಳಕಿಗೆ ಹಿಡಿಯುವರು, ಹೊಟ್ಟೆ ಒತ್ತುವರು. ಕೊನೆಗೆ ಕೊಳ್ಳುವುದು ಬೆರಳುದ್ದದ ನಾಲ್ಕು ಮೀನು.

"ನಾಲ್ಕು ಮೀನಿಗೆ ನನ್ ಬುಟ್ಟಿಯೆಲ್ಲ ಕದಡ್ತೀಯಲ್ಲೋ ಮಾರಾಯ," ಎಂದು ಆಕೆ ಬಯ್ಯುವಳು.

"ನನಗಾದ್ರೆ ಕಣ್ಮುಚ್ಕೊಂಡು ತಗೊಂಡ್ಬಿಡ್ತಿದ್ದೆ ಕಣವ್ವ. ತಿನ್ನೋಳಿಗೆ ಬಾಯಿಲ್ಲ, ಹೊಟ್ಟೆನೋವು ಅಂತ ಹೇಳಕ್ಕೆ ಬರಾಕಿಲ್ಲ."

ಉಪ್ಪು ಹಾಕದೆ, ಅರಿಶಿನವನ್ನೂ ಹಾಕದೆ ಬೇಯಿಸಿ, ಮುಳ್ಳನ್ನು ಬೆರಳಿನಲ್ಲೇ ತಡಕಿ ತೆಗೆದು, ಬೇಯಿಸಿದ ನೀರಿನಲ್ಲೇ ಕಲಸಿ, ಬಾಣಂತಿಯರು ಮಗುವಿನ ಹಾಲು ನೋಡುವ ಹಾಗೆ ಮುಂಗೈ ಮೇಲೆ ಒಂದಿಷ್ಟು ಇಟ್ಟುಕೊಂಡು ಬಿಸಿ ನೋಡುವರು. ಮೆಣಸಿನಕಾಯಿ ಬೀಸುವ ಗುರುವಾರ ಲಚ್ಚಿಯನ್ನು ಬಗಲಲ್ಲಿ ಎತ್ತಿಕೊಂಡು ಹೋಗಿ ಹಿಂದಿನ ತಮ್ಮ ಕೋಣೆಯಲ್ಲಿ ಕೂಡಿಹಾಕಿ ಬರುವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಆ ಕೋಣೆಯಲ್ಲಿ ಇದ್ದದ್ದು ಅವರು, ಲಚ್ಚಿ, ಇಬ್ಬರೇ.

ಅಷ್ಟೆಲ್ಲ ಮಾಡಿ ಹಾಕುವುದು ತಲೆ ಸವರಿದ ಒಂದು ಚಟಾಕು. ರಾಗಿ ಡಬ್ಬ ಇಟ್ಟುಕೊಂಡು ಸರದಿ ಕಾಯುತ್ತಿದ್ದ ನಮಗೆಲ್ಲ ಪಾಪ ಅನ್ನಿಸುತ್ತಿತ್ತು. "ಮೂಟೆಗಟ್ಟಲೆ ಹಿಟ್ಟು ಬೀಸೋ ಗಿರಣಿ, ಬೆಕ್ಕಿಗೆ ಮಾತ್ರ ಚಟಾಕು. ಜುಗ್ಗ ಕಣೇ," ಎಂದು ಹೆಂಗಸರು ಸೆರಗಿನ ಮರೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನೇ ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ನಂಜಪ್ಪನವರೇ, ಇನ್ನೊಂದು ತುತ್ತು ಹಾಕಿದ್ರೆ ಏನಾಗುತ್ತೆ?"

"ಬೆಕ್ಕಿನ ಹೊಟ್ಟೆ ಎಷ್ಟಿರ್ತದೆ ಅಮ್ಮಣ್ಣಿ? ಅದರ ತಲೆಯಷ್ಟೇಯ. ಅದ್ರಲ್ಲೂ ಒಂದ್ ಇಲಿಯಷ್ಟು ಜಾಗ ಬಿಟ್ಟಿರ್ಬೇಕು. ಪೂರ್ತಿ ತುಂಬಿದ್ರೆ ಮಲಗ್ತಾಳೆ, ಪೂರ್ತಿ ಖಾಲಿ ಬಿಟ್ರೆ ಕದೀತಾಳೆ."

ನನಗೆ ಈ ತತ್ವ ಒಂದಿಷ್ಟೂ ಹಿಡಿಸಲಿಲ್ಲ. ಆಗ ನಾನು ಮದುವೆಯಾಗಿ ವರ್ಷವಾಗಿರದ, ಐದು ತಿಂಗಳ ಬಸುರಿ. ಯಾರು ಉಂಡರೋ ಯಾರು ಹಸಿದರೋ ಎಂದು ಸುಮ್ಮಸುಮ್ಮನೆ ಕಣ್ಣು ತುಂಬುವ ಕಾಲ. ಐವತ್ತರ ದಶಕದ ಮೊದಲ ವರ್ಷಗಳು ಅವು. ರಾಜಾಜಿನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹುರುಳಿ ಹೊಲ. ನನ್ನ ಗಂಡ ಕಾರ್ಖಾನೆಗೆ ಹೋದರೆ ಮನೆಯಲ್ಲಿ ಉಳಿಯುವುದು ನಾನು, ನನ್ನ ಅತ್ತೆ. ಅತ್ತೆ ದಿನವೂ ಬೆಳಿಗ್ಗೆ ಒಂದು ದೊಡ್ಡ ಲೋಟ ಹಾಲನ್ನು ನನ್ನ ಕೈಗೆ ಕೊಟ್ಟು, "ಕುಡಿ, ಮಗುವಿಗೆ," ಎಂದು ಪೂಜೆಗೆ ಕೂರುವರು. ನನಗೋ ಹಾಲಿನ ವಾಸನೆ ಬಂದರೆ ಕರುಳೇ ಬಾಯಿಗೆ ಬರುತ್ತಿತ್ತು. ಹೇಳಲು ಭಯ. ತಮ್ಮ ಕಾಫಿಗೆ ಹಾಲು ಕಡಿಮೆ ಮಾಡಿಕೊಂಡು ಅವರು ನನಗೆ ಕೊಡುತ್ತಿದ್ದುದು ನನಗೆ ಗೊತ್ತಿತ್ತು.

ಹೀಗಿರುವಾಗ ಮನೆಯಿಂದ ಮೂರನೆಯ ಕಟ್ಟಡದಲ್ಲಿ ಹಸಿದ ಬೆಕ್ಕೊಂದಿದೆ. ಇನ್ನೇನು ಬೇಕು? ರಾತ್ರಿಯ ಅನ್ನಕ್ಕೆ ಆ ಹಾಲು ಸುರಿದು, ಮುತ್ತುಗದ ಎಲೆಯಲ್ಲಿ ಮುಚ್ಚಿ, ಹೂವು ತರುವ ನೆಪದಲ್ಲಿ ಹೋಗಿ ಗಿರಣಿಯ ಹಿತ್ತಲ ಗೋಡೆಯ ಬದಿಗೆ ಇಟ್ಟು ಬರುತ್ತಿದ್ದೆ. ಲಚ್ಚಿ ಕಣ್ಣು ಮುಚ್ಚಿ ತಿನ್ನುವಳು. ಪುಣ್ಯ ಕಟ್ಟಿಕೊಂಡೆ ಎಂದು ನಾನು ಬೀಗುವೆ.

ಇಂಥ ಪುಣ್ಯಾತ್ಗಿತ್ತಿಯರು ಆ ಬೀದಿಯಲ್ಲಿ ಇನ್ನೂ ಇದ್ದರೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ಮೊಸರನ್ನ, ಒಬ್ಬರು ತುಪ್ಪದನ್ನ, ಇನ್ನೊಬ್ಬರು ಪಾಯಸದ ಪಾತ್ರೆ ತೊಳೆಯುವ ಮುಂಚಿನ ಗಸಿ. ಒಬ್ಬರದು ಒಬ್ಬರಿಗೆ ತಿಳಿಯದು. ಲಚ್ಚಿ ಸಂಜೆಯ ಚಟಾಕಿನಲ್ಲಿ ಅರ್ಧ ಬಿಡತೊಡಗಿದಳು. ಬಿಟ್ಟಳಲ್ಲ ಎಂದು ನಂಜಪ್ಪನವರು ಮರುದಿನ ಅರ್ಧವೇ ಹಾಕಿದರು. ಅರ್ಧಕ್ಕೆ ಇಳಿಸಿದನಲ್ಲ ಪಾಪಿ ಎಂದು ನಾವೆಲ್ಲ ನಮ್ಮ ಪಾಲು ಹೆಚ್ಚಿಸಿದೆವು. ಆಮೇಲೆ ಅವರು ಇನ್ನೂ ಇಳಿಸಿದರು, ನಾವು ಇನ್ನೂ ಏರಿಸಿದೆವು.

ತಿಂಗಳು ಕಳೆಯುವುದರಲ್ಲಿ ಲಚ್ಚಿಗೆ ಹೊಟ್ಟೆ ಕೆಟ್ಟಿತು. ಮೋಟರಿನ ಹಿಂದೆ ಮಲಗಿದರೆ ಏಳಳು. ಮಲಗಿದಲ್ಲೇ ಹೇತುಕೊಂಡಳು. ಇಲಿಗಳು ಹಾಡುಹಗಲೇ ಮೂಟೆಗಳ ಮೇಲೆ ಓಡಾಡತೊಡಗಿದವು. ನಂಜಪ್ಪನವರ ಮುಖ ನೋಡಲಾಗುತ್ತಿರಲಿಲ್ಲ. ಮೀನು ಬದಲಾಯಿಸಿದರು, ಬೇಯಿಸುವ ಮಡಕೆ ಬದಲಾಯಿಸಿದರು, ಸೀಗೆಪುಡಿಯ ಘಾಟು ಉಳಿದಿರಬಹುದೆಂದು ಬೂದಿಯಲ್ಲಿ ಕೈ ತೊಳೆದರು.

"ನಾನೇ ಎಲ್ಲೋ ಎಡವಿದೀನಿ ಅಮ್ಮಣ್ಣಿ," ಎಂದರು ಒಂದು ದಿನ, ನನ್ನ ರಾಗಿಯನ್ನು ಸುರಿಯುತ್ತ. "ಹಳಸಿದ್ ಮೀನು ಒಂದು ಸೇರ್ಕೊಂಡಿರ್ಬೇಕು. ನನ್ ಕೈಯಾರೆ ಉಣ್ಸಿದೀನಿ. ಇನ್ಯಾರು ಹಾಕ್ತಾರೆ ಅದಕ್ಕೆ?"

ನಾನು ಆಗ ಹೇಳಬೇಕಾಗಿತ್ತು. ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ, ಮಗುವಿನ ಹಾಲನ್ನು ಬೆಕ್ಕಿಗೆ ಹಾಕಿದವಳು ಅನ್ನಿಸಿಕೊಳ್ಳುತ್ತೇನೆ ಎಂದು ನುಂಗಿಕೊಂಡೆ. ಹಾಲು ಹಾಕುವುದನ್ನು ಮಾತ್ರ ಅಂದೇ ನಿಲ್ಲಿಸಿದೆ. ಮಿಕ್ಕವರು ನಿಲ್ಲಿಸಲಿಲ್ಲ, ಅವರಿಗೇನು ಗೊತ್ತು.

ಆ ವಾರ ಯಾರದೋ ಅಕ್ಕಿಹಿಟ್ಟಿನ ಚೀಲದ ಪಕ್ಕದಲ್ಲೇ ಲಚ್ಚಿ ಹೊಲಸು ಮಾಡಿದಳು. ಚೀಲದವರು ಗಿರಣಿಯ ಯಜಮಾನರಿಗೆ ದೂರು ಕೊಟ್ಟರು. ಯಜಮಾನರು ಪೇಟೆಯಿಂದ ಬಂದು, ಮೂಗು ಮುಚ್ಚಿಕೊಂಡು, "ಊರಿನವರು ತಿನ್ನೋ ಹಿಟ್ಟು ನಂಜಪ್ಪ ಇದು. ನಾಳೆ ನಾನು ಬರೋ ಹೊತ್ತಿಗೆ ಈ ಬೆಕ್ಕು ಇಲ್ಲಿರಬಾರದು," ಎಂದರು. ತಪ್ಪೇನಿಲ್ಲ ಅವರ ಮಾತಿನಲ್ಲಿ. ನಂಜಪ್ಪನವರು ಎದುರಾಡಲಿಲ್ಲ. ತಮ್ಮ ಕೈಯಿಂದಲೇ ಕೆಟ್ಟಳೆಂದು ನಂಬಿದ್ದ ಮನುಷ್ಯ ಯಾವ ಬಾಯಿಂದ ಎದುರಾಡಬೇಕು? ಮರುದಿನ ಬೆಳಿಗ್ಗೆ ಬೂಸಾ ಹೇರಿಕೊಂಡು ಕೆಂಗೇರಿಗೆ ಹೊರಟ ಗಾಡಿಯಲ್ಲಿ, ಗೋಣಿಯೊಳಗೆ ಲಚ್ಚಿಯನ್ನು ಇಟ್ಟುಕೊಂಡು ತಾವೂ ಹತ್ತಿದರು. ನಾನು ನಮ್ಮ ಕಿಟಕಿಯಿಂದ ನೋಡಿದೆ. ಹೊರಗೆ ಬಂದು "ಗಾಡಿ ನಿಲ್ಲಿಸಿ" ಎನ್ನಲು ನನ್ನಿಂದ ಆಗಲಿಲ್ಲ. ಆ ನಾಚಿಕೆ ಇವತ್ತಿಗೂ ನನ್ನಲ್ಲಿ ಹಾಗೇ ಇದೆ.

ರಾತ್ರಿಯೆಲ್ಲ ನಿದ್ದೆ ಬಾರದೆ, ಬೆಳಗಾಗುತ್ತಲೇ ಗಿರಣಿಗೆ ಹೋದೆ. ಸರದಿಯಲ್ಲಿ ಏಳೆಂಟು ಜನ ಹೆಂಗಸರಿದ್ದರು. ಅವರೆದುರೇ ಹೇಳಿಬಿಟ್ಟೆ. "ನಿಮ್ಮ ಮೀನಿನ ತಪ್ಪಲ್ಲ ನಂಜಪ್ಪನವರೇ. ನಾನು ದಿನಾ ಹಾಲನ್ನ ಹಾಕ್ತಿದ್ದೆ."

ಅವರು ಮೋಟರು ನಿಲ್ಲಿಸಿದರು. ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. "ಎಷ್ಟು?" ಎಂದರು.

ಕೈಯಲ್ಲಿ ತೋರಿಸಿದೆ. ಅವರು ನೆಲಕ್ಕೆ ಬಿದ್ದ ಹಿಟ್ಟನ್ನು ಬಾಚಿ ಅಷ್ಟೇ ಪ್ರಮಾಣವನ್ನು ಚಟಾಕಿನಲ್ಲಿ ಅಳೆದು ಒಂದು ಕಡೆ ಸುರಿದರು. ಎರಡು ಚಟಾಕಾಯಿತು. ಆಗ ಹಿಂದಿನಿಂದ ಒಬ್ಬಾಕೆ ಮೆಲ್ಲಗೆ, "ನಾನೂ ಒಂದಿಷ್ಟು ಮೊಸರನ್ನ," ಎಂದಳು. ಅದನ್ನೂ ಅಳೆದರು. ಇನ್ನೊಬ್ಬಾಕೆ, ಮತ್ತೊಬ್ಬಾಕೆ. ಹಿಟ್ಟಿನ ಗುಡ್ಡೆ ಬೆಳೆಯಿತು. ಕೊನೆಗೆ ಪಾವು ತಂದು ಅಳೆದು ನೋಡಿದರೆ ಎರಡು ಪಾವಿಗೂ ಮಿಕ್ಕಿತು. ದಿನಕ್ಕೆ ಎರಡು ಚಟಾಕಿನ ಹೊಟ್ಟೆಗೆ ನಾವೆಲ್ಲ ಸೇರಿ ಅರ್ಧ ಸೇರು ತುರುಕಿದ್ದೆವು.

"ಹಂಗಾದ್ರೆ ನನ್ ಕೈ ತಪ್ಪಲ್ಲ," ಎಂದರು ನಂಜಪ್ಪನವರು. ಎಷ್ಟೋ ದಿನಗಳ ಮೇಲೆ ಅವರ ಮುಖ ಸಡಿಲವಾದದ್ದನ್ನು ಕಂಡೆ. ಮರುಗಳಿಗೆಗೆ ತಾವು ಅವಳನ್ನು ಕೆಂಗೇರಿಯಲ್ಲಿ ಬಿಟ್ಟು ಬಂದದ್ದು ನೆನಪಾಗಿರಬೇಕು, ಹೋಗಿ ಮೋಟರು ಹಾಕಿದರು. ಅದರ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವ ಹಾಗಿರಲಿಲ್ಲ.

ನಾನು ಹೆದರಿದಂತೆಯೇ ಸಂಜೆಯೊಳಗೆ ಸುದ್ದಿ ಅತ್ತೆಗೆ ಮುಟ್ಟಿತು. ಅವರು ಅಂದದ್ದು ಇಷ್ಟೇ. "ಹಾಲು ಸೇರದಿದ್ದರೆ ಬಾಯಿ ಬಿಟ್ಟು ಹೇಳಬಾರದಾಗಿತ್ತೇನೇ ಹುಡುಗಿ? ಮಜ್ಜಿಗೆ ಕೊಡ್ತಿದ್ದೆ." ಕೇಳಿ ನಾನು ಗೋಳೋ ಎಂದು ಅತ್ತುಬಿಟ್ಟೆ. ಈ ಮಾತಿಗೆ ಹೆದರಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆನಲ್ಲ.

ಆ ಭಾನುವಾರ ನಂಜಪ್ಪನವರು ಬೇಯಿಸಿದ ಮೀನನ್ನು ಎಲೆಯಲ್ಲಿ ಕಟ್ಟಿಕೊಂಡು ಕೆಂಗೇರಿಗೆ ನಡೆದೇ ಹೋದರು. ಸಿಗಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ನಾನು ಊಟ ಬಿಟ್ಟೆ. ಅತ್ತೆ ಗಿರಣಿಗೆ ಹೋದಾಗ, "ಹೊಟ್ಟೇಲಿ ಮಗು ಇದೆ, ಬೆಕ್ಕು ಬೆಕ್ಕು ಅಂತ ಅಳ್ತಾ ಕೂತಿದಾಳೆ ನೋಡಿ," ಎಂದು ನಂಜಪ್ಪನವರ ಹತ್ತಿರ ಪೇಚಾಡಿಕೊಂಡರಂತೆ. ಮೂರನೆಯ ಭಾನುವಾರ ಸಂಜೆ ನಂಜಪ್ಪನವರು ನಮ್ಮ ಮನೆಯ ಬಾಗಿಲಿಗೇ ಬಂದರು. ಪಂಚೆಯೆಲ್ಲ ಧೂಳು.

"ಸಿಕ್ಕಿದ್ಲು ಅಮ್ಮಣ್ಣಿ. ಕೆಂಗೇರಿ ಆಚೆ ಒಂದ್ ಕುಂಬಾರರ ಮನೇಲವ್ಳೆ. ಈಗ ಹೊಟ್ಟೆ ನೆಟ್ಟಗಾಗೈತೆ. ಆ ಮನೆ ಹೆಂಗಸು ಬಿಡಾಕಿಲ್ಲ ಅಂದ್ಲು, ಎಳೆಮಕ್ಳು ಹಚ್ಕೊಂಡವೆ. ಅಲ್ಲೇ ಇರ್ಲಿ ಅಂತ ಬಿಟ್ಟು ಬಂದೆ. ಎಷ್ಟು ಹಾಕ್ಬೇಕು ಅನ್ನೋದ ಕಲಿಸ್ಕೊಟ್ಟಿದೀನಿ."

ಆ ರಾತ್ರಿ ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಹೆರಿಗೆಯಾಗಿ ತೌರಿನಿಂದ ಮಗಳನ್ನು ಎತ್ತಿಕೊಂಡು ಬಂದ ಮೇಲೂ, ರಾಗಿ ಬೀಸಲು ಹೋದಾಗಲೆಲ್ಲ ಲಚ್ಚಿಯ ಸಮಾಚಾರ ಕೇಳುವುದು ನನಗೆ ಅಭ್ಯಾಸವಾಯಿತು. ಬೂಸಾ ಗಾಡಿಯವನ ಕೈಲಿ ಸುದ್ದಿ ಬರುತ್ತಿತ್ತಂತೆ. ಮೂರು ಮರಿ ಹಾಕಿದಾಳೆ, ಅದಕ್ಕೆ ಹೊತ್ತಿಗೆ ಎರಡು ಚಟಾಕಿಗೆ ಏರಿಸಲು ಹೇಳಿ ಕಳಿಸಿದೀನಿ. ಮರಿ ಹಾಲು ಬಿಟ್ಟವು, ಒಂದಕ್ಕೆ ಇಳಿಸಿ ಅಂದಿದೀನಿ. ಚಳಿಗಾಲಕ್ಕೆ ಒಂದು ಬೆರಳು ಜಾಸ್ತಿ. ಈಗ ಹಲ್ಲು ಸಡಿಲವಾಗಿವೆ, ಇನ್ನೂ ನುಣ್ಣಗೆ ಮಿದ್ದಿ ಹಾಕ್ಬೇಕು. ಅವರು ಬೀಸುವ ಕಲ್ಲಿನ ಸದ್ದಿಗೆ ಕಿವಿಗೊಟ್ಟು ಹಿಟ್ಟಿನ ಹದ ನೋಡುತ್ತಲೇ ಇದನ್ನೆಲ್ಲ ಹೇಳುವರು. ನನ್ನ ಮಗಳು ಕೆಂಗೇರಿಯ ಲಚ್ಚಿಯ ಕತೆ ಕೇಳುತ್ತಲೇ ಬೆಳೆದಳು. ಗಿರಣಿಗೆ ಬೇರೆ ಬೆಕ್ಕು ಬರಲೇ ಇಲ್ಲ, ಬೋನು ಬಂದವು.

ಮಗಳಿಗೆ ಐದು ತುಂಬಿದ ವರ್ಷ ಕೆಂಗೇರಿಯಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶವಿತ್ತು. ಅದರ ಹಿಂದಿನ ದಿನ ಹಿಟ್ಟು ಬೀಸಿಸಲು ಒಬ್ಬಳೇ ಹೋದವಳು ಉತ್ಸಾಹದಿಂದ ಹೇಳಿದೆ. "ನಂಜಪ್ಪನವರೇ, ನಾಳೆ ಕೆಂಗೇರಿಗೆ ಹೋಗ್ತಾ ಇದೀವಿ. ಆ ಕುಂಬಾರರ ಮನೆ ಎಲ್ಲಿ ಬರುತ್ತೆ ಹೇಳಿ, ಮಗಳಿಗೆ ಲಚ್ಚೀನ ತೋರಿಸಿಕೊಂಡು ಬರ್ತೀನಿ."

ಅವರು ಡಬ್ಬಕ್ಕೆ ಹಿಟ್ಟು ತುಂಬುತ್ತಿದ್ದರು. ತುಂಬಿ, ಮುಚ್ಚಳ ಹಾಕಿ, ಮೇಲಿನ ಹಿಟ್ಟನ್ನು ಬಟ್ಟೆಯಿಂದ ಒರೆಸಿದರು.

"ಅಮ್ಮಣ್ಣಿ," ಎಂದರು ಕೊನೆಗೆ, "ಕುಂಬಾರರ ಮನೆ ಇಲ್ಲ."

"ಬಿಟ್ಟು ಹೋದ್ರಾ?"

"ಇರಲೇ ಇಲ್ಲ. ಆವತ್ತು ಅವಳು ಸಿಗಲಿಲ್ಲ. ಆಮೇಲೂ ಎಷ್ಟೋ ಭಾನುವಾರ ಹೋಗಿದ್ದೆ. ಬಸುರಿ ಹೆಂಗಸು ಉಪವಾಸ ಕೂತವ್ಳೆ ಅಂತ ನಿಮ್ಮತ್ತೆ ಕಣ್ಣೀರ್ ಹಾಕಿದ್ರು. ಸಿಗಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಡಬ್ಬವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಆ ಮೂರು ಮರಿ, ಚಳಿಗಾಲದ ಒಂದು ಬೆರಳು, ಸಡಿಲವಾದ ಹಲ್ಲು, ಎಲ್ಲ ಈ ಮನುಷ್ಯ ಗಿರಣಿಯಲ್ಲಿ ನಿಂತು ನನಗಾಗಿ ಕಲಸಿ ಅಳೆದು ಹಾಕಿದ್ದು. ಅದನ್ನು ಐದು ವರ್ಷ ನಾನು ಹೊಟ್ಟೆ ತುಂಬ ಉಂಡಿದ್ದೆ. "ಅಷ್ಟೊಂದು ಸುದ್ದಿ ಹೇಳ್ತಿದ್ರಲ್ಲ," ಎಂದೆ.

"ನೀವು ಕೇಳ್ತಿದ್ರಿ, ನಾನು ಹೇಳ್ತಿದ್ದೆ." ಅವರು ನಕ್ಕರು. "ಹೇಳ್ತಾ ಹೇಳ್ತಾ ನನಗೂ ಅವಳು ಅಲ್ಲೆಲ್ಲೋ ಉಣ್ತಾವ್ಳೆ ಅನ್ನಿಸ್ಬಿಟ್ಟಿತ್ತು ಅಮ್ಮಣ್ಣಿ. ರಾತ್ರಿ ಮಲಗಿದ್ರೆ ಆ ಹೆಂಗಸು ಮುಳ್ಳು ಸರಿಯಾಗಿ ತೆಗೀತಾಳೋ ಇಲ್ವೋ ಅಂತ ಯೋಚ್ನೆ ಆಗ್ತಿತ್ತು. ಈಗ ಮನೆ ಎಲ್ಲಿ ಅಂತ ಕೇಳ್ಬಿಟ್ರಿ."

ನಾವು ಗೃಹಪ್ರವೇಶ ಮುಗಿಸಿಕೊಂಡು ಬಂದ ಮೇಲೆ ಅತ್ತೆಗೆ ಕಾಯಿಲೆಯಾಗಿ ನಾನು ತಿಂಗಳೊಪ್ಪತ್ತು ಗಿರಣಿಯ ಕಡೆ ಹೋಗಲಿಲ್ಲ. ಹೋದಾಗ ಮೋಟರಿನ ಹತ್ತಿರ ಬೇರೊಬ್ಬರು ನಿಂತಿದ್ದರು. ನಂಜಪ್ಪನವರು ಎದೆನೋವೆಂದು ಊರಿಗೆ ಹೋದರು, ಅಲ್ಲೇ ತೀರಿಕೊಂಡರಂತೆ ಎಂದರು. ನನ್ನ ಡಬ್ಬವನ್ನು ಸರದಿಯಲ್ಲಿ ಇಟ್ಟು ನಿಂತೆ. ಪಕ್ಕದಲ್ಲಿದ್ದ ಮಗಳು ಸೆರಗು ಜಗ್ಗಿ, "ಅಮ್ಮ, ಹಾಗಾದ್ರೆ ಲಚ್ಚಿಗೆ ಎಷ್ಟು ಹಾಕ್ಬೇಕು ಅಂತ ಇನ್ಯಾರು ಹೇಳಿ ಕಳಿಸ್ತಾರೆ?" ಎಂದಳು. ಅವಳಿಗೆ ನಾನು ಇನ್ನೂ ಏನನ್ನೂ ಹೇಳಿರಲಿಲ್ಲ. "ನಾನೇ ಹೇಳಿ ಕಳಿಸ್ತೀನಿ," ಎಂದೆ.