ಸರಸ ನೋಡಿದ ಗಂಡನ ಮುಖ

ಹೆಮ್ಮಾಡಿಯಲ್ಲಿ ಹೆದ್ದಾರಿ ಬದಿಗೆ ಹೋಟೆಲು ನಡೆಸುತ್ತಿದ್ದ ಸರಸ ಮತ್ತು ರತ್ನಾಕರ ಜಗಳಕ್ಕೆ ಹೆಸರಾದವರು. ಒಲೆಯ ಮುಂದೆ ಅವಳು, ಗಲ್ಲಾದಲ್ಲಿ ಅವನು; ನಡುವೆ ಕೂತ ಗಿರಾಕಿಗಳ ತಲೆ ಮೇಲೆ ಮಾತು ಹಾರುತ್ತಿತ್ತು. ಹಾಗೆಂದು ಅದು ಮನೆಯವರು ಗೊತ್ತುಮಾಡಿದ ಮದುವೆಯಲ್ಲ. ಮುಂಬೈಯ ಕ್ಯಾಂಟೀನಿನಿಂದ ರಜೆಗೆ ಬಂದಿದ್ದ ರತ್ನಾಕರ, ಹೊಲಿಗೆ ಕಲಿಯಲು ಕುಂದಾಪುರಕ್ಕೆ ಹೋಗುತ್ತಿದ್ದ ಸರಸಳನ್ನು ಬಸ್ಸಿನಲ್ಲಿ ಕಂಡು ಮೆಚ್ಚಿದ್ದ. ಎರಡು ಮನೆಗಳ ನಡುವೆ ಜಾಗದ ತಕರಾರಿತ್ತು. ಅವನನ್ನು ಕಟ್ಟಿಕೊಂಡ ದಿನವೇ ಅವಳಿಗೆ ತವರು ಮುಚ್ಚಿತು.

ಬ್ರಹ್ಮಾವರದ ಶ್ರಾವ್ಯ ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಹುಡುಗಿ. ಪ್ರೀತಿಸಿ ಮದುವೆಯಾದವರು ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಎಂಬುದು ಅವಳ ವಿಷಯ. ನಿಮ್ಮ ಮಾತನ್ನು ಕ್ಯಾಮೆರಾದಲ್ಲಿ ಹಿಡಿಯಬಹುದೇ ಎಂದು ಕೇಳಿಕೊಂಡು ಅವಳು ಹೋಟೆಲಿಗೆ ಬಂದಳು.

"ನಮ್ ಜಗಳ ಕಾಂಬುಕೆ ಕ್ಯಾಮೆರಾ ಎಂತಕೆ? ಚಾ ಕುಡುಕೆ ಬಂದ್ರೆ ಸಾಕಲ್ದಾ?" ಎಂದಳು ಸರಸ. ರತ್ನಾಕರ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

ಹಿಂದಿನ ಕೋಣೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ, ಕ್ಯಾಮೆರಾ ಇಟ್ಟು, ಮೊದಲು ಪರಿಚಯವಾದ ಬಗೆಯನ್ನು ಹೇಳಿ ಎಂದಳು ಶ್ರಾವ್ಯ.

"ಇವ್ಳೇ ನನ್ ಬೆನ್ನಿಗ್ ಬಿದ್ದದ್ದ್," ಎಂದ ರತ್ನಾಕರ. "ಪಾಪ ಕಂಡ್ ಕಟ್ಕಂಡೆ."

ಸರಸ ಈ ಮಾತನ್ನು ಎಂದೂ ಕೇಳಿರಲಿಲ್ಲ. "ಸುಳ್ಳ್ ಹೇಳ್ಬೇಡಿ," ಎಂದಳು. ಆಮೇಲೆ ನಿಮ್ಮ ನಡುವೆ ಬಗೆಹರಿಯದ ವಿಷಯ ಯಾವುದೆಂದು ಹುಡುಗಿ ಕೇಳಿದಾಗ, ತನ್ನ ದೊಡ್ಡಣ್ಣ ಸಾಯುವ ಮೊದಲು ನೋಡಲು ರತ್ನಾಕರ ಹೋಗಗೊಡದಿದ್ದುದನ್ನು ತಲೆ ತಗ್ಗಿಸಿಕೊಂಡೇ ಹೇಳಿದಳು. ಹೇಳುತ್ತಾ ಮೂಗೆಳೆದುಕೊಂಡಳು.

ಮರುವಾರ ಶ್ರಾವ್ಯ ಆ ವೀಡಿಯೋವನ್ನು ಒಬ್ಬೊಬ್ಬರಿಗೇ ಬೇರೆ ಬೇರೆ ತೋರಿಸಿದಳು. ನೋಡುತ್ತಾ ಆಯಾ ಕ್ಷಣ ಮನಸ್ಸಿಗೆ ಏನಾಗಿತ್ತೆಂದು ಹೇಳಬೇಕು. ಮೊದಲು ಸರಸಳ ಸರದಿ. ಅಣ್ಣನ ಮಾತು ಬಂದಾಗ ಪರದೆಯ ಮೇಲಿನ ರತ್ನಾಕರ ಆಕಳಿಸಿದ್ದ. ತುಟಿಯ ಒಂದು ಕೊನೆ ಮೇಲೆತ್ತಿ, ಅವಳು ಮೂಗೆಳೆದುಕೊಂಡದ್ದನ್ನು ಅಣಕಿಸಿ, ಹುಡುಗಿಯತ್ತ ಕಣ್ಣು ಹೊಡೆದಿದ್ದ. ಅವನ ಬೈಗುಳದಲ್ಲಿ ಸಿಟ್ಟಿದೆ, ಸಿಟ್ಟಿದ್ದಲ್ಲಿ ಅಕ್ಕರೆಯೂ ಇದ್ದೀತು ಎಂದು ಇಷ್ಟು ವರ್ಷ ನಂಬಿದ್ದಳು. ಆ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಇದಕ್ಕೆ ನಿಮ್ ಶಾಸ್ತ್ರದಗ್ ಎಂತ ಹೇಳ್ತ್ರ್?" ಎಂದು ಆ ಮುಖವನ್ನು ತೋರಿಸಿ ಕೇಳಿದಳು.

ಶ್ರಾವ್ಯ ತಡವರಿಸಿದಳು. "ಅದ್ ನಾ ಹೇಳೂಕಾಗ, ಸರಸಕ್ಕ."

"ಹೇಳ್."

"ಜಗಳ ಅಷ್ಟ್ ಕೆಟ್ಟದ್ದಲ್ಲ. ತಾತ್ಸಾರ ಕೆಟ್ಟದ್ದ್."

ತನ್ನ ಸರದಿಗೆ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದ ರತ್ನಾಕರ ಒಳನುಗ್ಗಿದ. "ಮನೆ ಮುರೂಕೆ ಬಂದದ್ದಾ ನೀನ್? ಅದನ್ ಈಗ್ಲೇ ಅಳ್ಸ್." ಇಬ್ಬರಲ್ಲಿ ಯಾರು ಬೇಡವೆಂದರೂ ಅಳಿಸುವುದು ಒಪ್ಪಂದವಾಗಿತ್ತು. ಹುಡುಗಿ ಅಳಿಸಿದಳು.

"ಅಳ್ಸಿರೆ ಎಂತ ಆತ್ತ್? ನಾ ಕಂಡಾಯ್ತಲ್ಲ," ಎಂದಳು ಸರಸ.

ಅಂದಿನಿಂದ ಅವಳು ಜಗಳ ನಿಲ್ಲಿಸಿದಳು. ಸಾರಿಗೆ ಉಪ್ಪಿಲ್ಲವೆಂದು ಅವನು ಬಟ್ಟಲು ತಳ್ಳಿದರೆ ಸುಮ್ಮನೆ ಎತ್ತಿ ಒಳಗಿಟ್ಟಳು. ಆ ಮೌನ ಅವನನ್ನು ಕೆರಳಿಸಿತು. ಗಿರಾಕಿಗಳೆದುರೇ ಅವಳ ತವರನ್ನು ಎತ್ತಿ ಆಡತೊಡಗಿದ. ಒಂದು ಬೆಳಿಗ್ಗೆ ಸರಸ ಎರಡು ಚೀಲ ಹಿಡಿದು ಬಸ್ಸು ಹತ್ತಿ ಬೈಂದೂರಿಗೆ ಹೋದಳು. ಹೊಲಿಗೆ ತರಗತಿಯ ಗೆಳತಿ ಜಲಜ ಅಲ್ಲಿ ರೈಲು ನಿಲ್ದಾಣದ ಹತ್ತಿರ ತಿಂಡಿ ಅಂಗಡಿ ಇಟ್ಟಿದ್ದಳು. ಸರಸ ಅದರಲ್ಲಿ ಪಾಲುದಾರಳಾದಳು.

ರತ್ನಾಕರ ಒಮ್ಮೆ ಬಂದ. "ಒಂದ್ ವೀಡಿಯೋ ಕಂಡ್ ಯಾರಾರೂ ಮನೆ ಬಿಡ್ತ್ರಾ? ಊರಗ್ ನಂಗೆ ಮುಖ ತೋರ್ಸೂಕ್ ಆತಿಲ್ಲೆ."

"ನಂಗೆ ತೋರ್ಸಿದ್ರಿ, ಸಾಕ್. ಹೋಯ್ನಿ," ಎಂದಳು. ಅವನು ಬೆಂಚನ್ನು ಒದ್ದು ಹೋದ.

ಕೆಲವು ತಿಂಗಳ ಮೇಲೆ ಶ್ರಾವ್ಯ ಬಂದಳು. ಸರಸ ಅವಳನ್ನು ಕೂರಲು ಹೇಳಲಿಲ್ಲ.

"ತಪ್ಪಾಯ್ತ್, ಸರಸಕ್ಕ."

"ನಿನ್ ತಪ್ಪಿಲ್ಲೆ ಹೆಣ್ಣೆ. ಆರೆ ನಿನ್ ಕಂಡ್ರೆ ಅದೇ ಮುಖ ನೆನ್ಪಾತ್ತ್. ಇನ್ ಬರ್ಬೇಡ."

ಹುಡುಗಿ ರಸ್ತೆ ದಾಟುವವರೆಗೂ ಸರಸ ಬಾಗಿಲಲ್ಲೇ ನಿಂತಿದ್ದಳು, ಅವಳು ತಿರುಗಿ ಬರದಂತೆ ಕಾಯುವವಳ ಹಾಗೆ.